ಒಂದೇ ಸಾಲಿನ ಮೇನ್

ಗೋ ಭಾಷೆಯ ಕಮಾಂಡ್‌ಲೈನ್ ಪ್ರೋಗ್ರಾಂ ಕೈಗೆ ಸಿಕ್ಕರೆ ಪಳಗಿದವರು ಮೊದಲು ನೋಡುವುದು ಮೇನ್ ಫಂಕ್ಷನ್ ಎಷ್ಟುದ್ದ ಇದೆ ಎಂದು. ಇನ್ನೂರು ಸಾಲಿದ್ದರೆ ಟೆಸ್ಟ್ ಇಲ್ಲವೆಂದೇ ಲೆಕ್ಕ. ಒಂದೇ ಸಾಲಿದ್ದರೆ, ಬರೆದವರಿಗೆ ಹದ ಗೊತ್ತಿದೆ.

ಆ ಸಾಲು ‘ರನ್’ ಎಂಬ ಇನ್ನೊಂದು ಫಂಕ್ಷನ್ ಕರೆದು, ಅದು ಕೊಟ್ಟ ಅಂಕಿಯನ್ನು ಓಎಸ್.ಎಕ್ಸಿಟ್‌ಗೆ ದಾಟಿಸುತ್ತದೆ, ಅಷ್ಟೇ. ಆರ್ಗ್ಯುಮೆಂಟುಗಳು, ಔಟ್‌ಪುಟ್ ಹೋಗಬೇಕಾದ ಜಾಗ, ಎಲ್ಲವೂ ರನ್‌ಗೆ ಹೊರಗಿನಿಂದಲೇ ಬರುತ್ತವೆ. ಟೆಸ್ಟಿನಲ್ಲಿ ಟರ್ಮಿನಲ್ ಬದಲು ಒಂದು ಬೈಟ್ಸ್.ಬಫರ್ ಕೊಟ್ಟರಾಯಿತು.

ಎಕ್ಸಿಟ್ಟನ್ನು ಹೀಗೆ ಮೇನ್‌ನಲ್ಲೇ ಕಟ್ಟಿಹಾಕುವುದಕ್ಕೆ ಕಾರಣವಿದೆ. ಅದು ಡಿಫರ್ ಮಾಡಿಟ್ಟ ಕೆಲಸಗಳಿಗೂ ಕಾಯದೆ ಪ್ರಾಸೆಸ್ಸನ್ನೇ ಮುಗಿಸಿಬಿಡುತ್ತದೆ. ಟೆಸ್ಟ್ ಓಡುತ್ತಿರುವುದೂ ಅದೇ ಪ್ರಾಸೆಸ್ಸಿನಲ್ಲಿ. 2021ರ 1.16ನೇ ಆವೃತ್ತಿಗೆ ಮುಂಚೆ, ಟೆಸ್ಟಿನ ನಡುವೆ ಸೊನ್ನೆ ಕೊಟ್ಟು ಎಕ್ಸಿಟ್ ಕರೆದರೆ ‘ಗೋ ಟೆಸ್ಟ್’ ಪಾಸು ಎಂದೇ ಹೇಳುತ್ತಿತ್ತು. ಮುಂದಿನ ಟೆಸ್ಟುಗಳು ಓಡಿಯೇ ಇರುತ್ತಿರಲಿಲ್ಲ!

ಅಕ್ಷರ ಎಣಿಸುವ ಒಂದು ಪುಟ್ಟ ಪ್ರೋಗ್ರಾಂ ತೆಗೆದುಕೊಳ್ಳಿ. ಗೋ ಮಂದಿಗೆ ಪ್ರಿಯವಾದ ಟೇಬಲ್ ಟೆಸ್ಟ್ ಇಲ್ಲಿ ಸರಿಯಾಗಿ ಒಗ್ಗುತ್ತದೆ: ಒಂದು ಸ್ಲೈಸ್ ತುಂಬ ಇನ್‌ಪುಟ್ಟು ಮತ್ತು ಬರಬೇಕಾದ ಉತ್ತರ, ಅದರ ಮೇಲೊಂದು ಲೂಪ್, ಒಳಗೆ 2016ರಲ್ಲಿ ಬಂದ ಟಿ.ರನ್. ಖಾಲಿ ಫೈಲು ಪಾಸು. ಐದಕ್ಷರದ ಇಂಗ್ಲಿಷ್ ಪದವೂ ಪಾಸು. ಮೂರನೇ ಸಾಲಿನಲ್ಲಿ ‘ಕನ್ನಡ’ ಎಂದು ಬರೆದು 3 ಬರಲಿ ಎಂದರೆ ಬರುವುದು 15. ಲೆನ್ ಎಣಿಸುವುದು ಬೈಟುಗಳನ್ನು. ರೂನ್ ಲೆಕ್ಕಕ್ಕೆ ಬದಲಿಸಿದರೆ 5: ಕ, ನ, ಹಲಂತದ ಗುರುತು, ಮತ್ತೊಂದು ನ, ಡ. ಕಣ್ಣಿಗೆ ಕಾಣುವ ಮೂರನ್ನು ಕೊಡುವ ಫಂಕ್ಷನ್ ಗೋದ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿಲ್ಲ. ತಮಾಷೆಯೆಂದರೆ, 1992ರಲ್ಲಿ ಯುಟಿಎಫ್-8 ರೂಪಿಸಿದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇಬ್ಬರೂ ಗೋ ಹುಟ್ಟುಹಾಕಿದ ಮೂವರಲ್ಲಿದ್ದಾರೆ.

ಈ ಲೈಬ್ರರಿಯಲ್ಲಿ ಅಸರ್ಟ್ ಕೂಡ ಇಲ್ಲ, ಆ ಬಗ್ಗೆ ಗೊಣಗುವವರು ಬಹಳ. ‘ಇಫ್’ ಬರೆದು, ಟಿ.ಎರರ್ಎಫ್‌ಗೆ ಸಂದೇಶವನ್ನೂ ಕೈಯಾರೆ ಬರೆಯಬೇಕು. ಗೊಣಗಾಟ ನ್ಯಾಯವೇ, ಆದರೆ ಬರೆಸಿಕೊಂಡ ಸಂದೇಶಕ್ಕೆ ಬೆಲೆಯಿದೆ. ‘ಎಣಿಸು(ಕನ್ನಡ): ಬಂದದ್ದು 15, ಬೇಕಿದ್ದದ್ದು 3’ ಎಂದು ಕಂಡೊಡನೆ ತಪ್ಪೆಲ್ಲಿ ಎಂದು ಹೊಳೆಯುತ್ತದೆ, ‘ಫಾಲ್ಸ್’ ಎಂದಷ್ಟೇ ಕಂಡರೆ ಏನು ಹೊಳೆದೀತು?

ಔಟ್‌ಪುಟ್ ಉದ್ದವಾದರೆ ಗೋಲ್ಡನ್ ಫೈಲ್ ಮೇಲು. ಗೋದ ಜೊತೆಗೇ ಬರುವ ಗೋಫ್‌ಎಂಟಿಯ ಟೆಸ್ಟುಗಳೂ ಹೀಗೆಯೇ: ಬರಬೇಕಾದ ಉತ್ತರಗಳು ‘ಟೆಸ್ಟ್‌ಡೇಟಾ’ ಫೋಲ್ಡರಿನಲ್ಲಿರುತ್ತವೆ, ‘ಅಪ್‌ಡೇಟ್’ ಫ್ಲಾಗ್ ಕೊಟ್ಟರೆ ಹೊಸದಾಗಿ ಬರೆದುಕೊಳ್ಳುತ್ತವೆ. ಸಂಜೆ ಮನೆಗೆ ಹೋಗುವ ಆತುರದಲ್ಲಿ ಆ ಫ್ಲಾಗ್ ಒತ್ತಿ, ಗಿಟ್ ಡಿಫ್ ನೋಡದೆ ಕಮಿಟ್ ಮಾಡಿದರೆ, ಕನ್ನಡದ ಮುಂದಿನ ಆ 15 ಗೋಲ್ಡನ್ ಆಗಿ ಕೂತುಬಿಡುತ್ತದೆ.