ಒಬ್ಬರೇ ಕೂತ ಹೈಬ್ರಿಡ್ ಕಾರಿಗೆ ಮೀಸಲು ಪಥವೇಕೆ?

2001ರ ಫೆಬ್ರುವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ಮೇಲೆ ಕೆಜಿಎಫ್ ದುಡಿಮೆಗೆ ಬೆಂಗಳೂರನ್ನೇ ನೆಚ್ಚಿಕೊಂಡಿದೆ. ಮಾರಿಕುಪ್ಪಂ, ಕೋರಮಂಡಲ್, ಬಂಗಾರಪೇಟೆಗಳಲ್ಲಿ ನಸುಕಿಗೇ ರೈಲು ಹತ್ತಿ ವೈಟ್‌ಫೀಲ್ಡಿನಲ್ಲೋ ಕೆ.ಆರ್. ಪುರದಲ್ಲೋ ಇಳಿದು ಬಸ್ಸು ಹಿಡಿಯುವ ಸಾವಿರಾರು ಜನರಿಗೆ ಪಯಣದ ಕೊನೆಯ ತುಂಡೇ ಹೆಚ್ಚು ಕಾಡುತ್ತದೆ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಮಾರ್ಗವಾಗಿ ಬೇತಮಂಗಲದವರೆಗಿನ ಸುಮಾರು 71 ಕಿ.ಮೀ. ಎಕ್ಸ್‌ಪ್ರೆಸ್‌ವೇ 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಕಾರುಳ್ಳವರಿಗೆ ಹೊಸಕೋಟೆ ತನಕ ಈಗ ಸಲೀಸು. ಅಲ್ಲಿಂದ ಟಿನ್ ಫ್ಯಾಕ್ಟರಿ ಕಡೆಗೆ ಹಳೆ ಮದ್ರಾಸ್ ರಸ್ತೆಯಲ್ಲಿ ಬಸ್ಸು, ಕಾರು, ಲಾರಿ ಎಲ್ಲವೂ ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಇಂಥ ಕಡೆ ಒಂದು ಪಥವನ್ನು ಮೀಸಲಿಡುವುದಾದರೆ ಅದು ಯಾರಿಗೆ ಸಲ್ಲಬೇಕು? ಕಡಿಮೆ ಇಂಧನ ಕುಡಿಯುವ ಹೈಬ್ರಿಡ್ ಕಾರಿಗೂ ಸಲ್ಲಲಿ ಎಂಬ ಉತ್ತರವನ್ನು ಅಮೆರಿಕ ಪ್ರಯೋಗಿಸಿ ನೋಡಿದೆ. ಆ ಉತ್ತರ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕದಿಂದಲೇ ಶುರುಮಾಡೋಣ. ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್ ಎರಡು ಬಗೆಯಲ್ಲಿ ಸಿಗುತ್ತದೆ. ಕಂಪನಿ ಹೇಳುವಂತೆ ಹೈಬ್ರಿಡ್ ಲೀಟರಿಗೆ 23.24 ಕಿ.ಮೀ., ಬರೀ ಪೆಟ್ರೋಲಿನದು 16.13 ಕಿ.ಮೀ. ಓಡುತ್ತದೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಹೈಬ್ರಿಡ್‌ನಲ್ಲಿ ಒಬ್ಬರೇ ಬಂದರೆ ಮೂರು ಲೀಟರು ಉರಿಯುತ್ತದೆ. ಪೆಟ್ರೋಲ್ ಕಾರಿನಲ್ಲಿ ನಾಲ್ವರು ಬಂದರೆ ಒಟ್ಟು ನಾಲ್ಕೂ ಕಾಲು ಲೀಟರಿಗಿಂತ ತುಸು ಹೆಚ್ಚು, ಅಂದರೆ ತಲೆಗೆ ಸುಮಾರು ಒಂದು ಲೀಟರು. ಭಾರ ಹೆಚ್ಚಿದ್ದಕ್ಕೆ ಇನ್ನಷ್ಟು ಸೇರಿಸಿದರೂ ಅಂತರ ಅಳಿಯುವುದಿಲ್ಲ. ಇನ್ನು ರಸ್ತೆಯ ಮೇಲಿನ ಜಾಗದ ಮಾತು: ಎರಡೂ ಕಾರುಗಳು ಹಿಡಿಯುವುದು ಅಷ್ಟೇ ಜಾಗ. ಇದಕ್ಕಿಂತ ಮುಖ್ಯವಾದ ಸಂಗತಿ ಹೈಬ್ರಿಡ್‌ನ ಯಂತ್ರದಲ್ಲೇ ಇದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು, ನಿಧಾನಗತಿಯಲ್ಲಿ ಎಂಜಿನ್ ನಿಲ್ಲಿಸಿ ಮೋಟರಿನಿಂದ ಓಡುವುದರಿಂದ ಅದರ ಉಳಿತಾಯ ಹೆಚ್ಚಾಗಿ ಕಾಣುವುದು ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ. ಒಂದೇ ವೇಗದಲ್ಲಿ ಓಡುವ ತೆರವಾದ ಪಥದಲ್ಲಿ ಆ ಅನುಕೂಲ ಕುಗ್ಗುತ್ತದೆ. ಅದರ ಗುಣ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವ ಜಾಗವನ್ನೇ ಬಹುಮಾನವಾಗಿ ಕೊಡುವುದರಲ್ಲಿ ಯಾವ ಅರ್ಥವಿದೆ?

ಕ್ಯಾಲಿಫೋರ್ನಿಯಾ 2005ರಿಂದ ಒಬ್ಬರೇ ಕೂತ ಹೈಬ್ರಿಡ್ ಕಾರುಗಳಿಗೂ ಕಾರ್‌ಪೂಲ್ ಪಥ, ಅಂದರೆ ಹಲವರು ಕೂತ ಕಾರುಗಳಿಗೆಂದೇ ಮೀಸಲಾದ ಪಥ, ತೆರೆದು ಪರವಾನಗಿಯಾಗಿ 85,000 ಹಳದಿ ಸ್ಟಿಕ್ಕರ್ ಹಂಚಿತು. 2011ರ ಜುಲೈ 1ಕ್ಕೆ ಆ ಸವಲತ್ತು ಮುಗಿಯಿತು. ಇಲ್ಲೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾಗದು. ಹೈಬ್ರಿಡ್‌ಗಳನ್ನು ಹೊರಹಾಕಿದ ಮೇಲೆ ಪಕ್ಕದ ಪಥಗಳಷ್ಟೇ ಅಲ್ಲ, ಕಾರ್‌ಪೂಲ್ ಪಥವೂ ನಿಧಾನವಾಯಿತು ಎಂದು ಬರ್ಕ್ಲಿಯ ಸಂಶೋಧಕರು ತೋರಿಸಿದರು. ಪಕ್ಕದ ಸಾಲು ತೆವಳುವಾಗ ಖಾಲಿ ಪಥದ ಚಾಲಕರೂ ಅಳುಕಿ ವೇಗ ತಗ್ಗಿಸುತ್ತಾರೆ. ಆದರೆ ಈ ಫಲಿತಾಂಶ ನಿಂತಿರುವುದು ಎರಡು ಸ್ಥಿತಿಗಳ ಮೇಲೆ: ಪಥದಲ್ಲಿ ಜಾಗ ಉಳಿದಿರಬೇಕು, ನಡುವೆ ತಡೆ ಇರಬಾರದು. ನಮ್ಮಲ್ಲಿ ತಡೆಯಿಟ್ಟೇ ಪಥ ಮಾಡಿದ್ದುಂಟು: 2019ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಿಎಂಟಿಸಿ ಬಸ್ಸುಗಳಿಗೆ ಮೀಸಲಿಟ್ಟ ಪಥಕ್ಕೆ ಬೊಲ್ಲಾರ್ಡ್ ನೆಟ್ಟು ತಡೆ ಮಾಡಲಾಗಿತ್ತು. ಮುಂದೆ ಮೆಟ್ರೋ ಕಾಮಗಾರಿಯಲ್ಲಿ ಅದು ಅಳಿಸಿಹೋಯಿತು, ಅದು ಬೇರೆ ನೋವು. ಜಾಗ ಉಳಿದರೂ ಅದನ್ನು ತುಂಬಲು ನಮ್ಮಲ್ಲಿ ಬಸ್ಸುಗಳಿವೆ, ಕಂಪನಿಗಳ ಟೆಂಪೊ ಟ್ರಾವೆಲರ್‌ಗಳಿವೆ. ಒಬ್ಬರ ಕಾರಿಗೆ ಅದನ್ನು ಕೊಡುವ ಅಗತ್ಯ ಬೀಳದು.

ತಲೆ ಎಣಿಸುವುದು ಪೊಲೀಸರಿಗೆ ಕಷ್ಟ, ಎಂಜಿನ್ ಗುರುತಿಸುವುದು ಸುಲಭ ಎನ್ನುವವರಿದ್ದಾರೆ. ಆದರೆ ನಮ್ಮಲ್ಲಿ ಹಸಿರು ನಂಬರ್ ಪ್ಲೇಟ್ ಇರುವುದು ಎಲೆಕ್ಟ್ರಿಕ್ ವಾಹನಕ್ಕೆ. ಹೈಬ್ರಿಡ್‌ಗೆ ಪೆಟ್ರೋಲ್ ಕಾರಿನ ಪ್ಲೇಟೇ. ದೂರದಿಂದಲೇ ಗೊತ್ತಾಗುವುದು ಬಸ್ಸು. ಹೈಬ್ರಿಡ್ ಕೊಳ್ಳುವವರಿಗೆ ಪ್ರೋತ್ಸಾಹ ಬೇಡವೇ ಎಂದರೆ, ಖಂಡಿತ ಬೇಕು. ಅದಕ್ಕೆ ತೆರಿಗೆಯ ದಾರಿಯಿದೆ. ಉತ್ತರ ಪ್ರದೇಶ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನೇ ಬಿಟ್ಟಿತು. ತೆರಿಗೆ ಬಿಟ್ಟರೆ ಹೊರೆ ಬೊಕ್ಕಸದ ಮೇಲೆ ಬೀಳುತ್ತದೆ, ಎಲ್ಲರೂ ಹಂಚಿಕೊಳ್ಳುತ್ತಾರೆ. ಪಥ ಬಿಟ್ಟರೆ ಹೊರೆ ಬೀಳುವುದು ಕಾರು ಕೊಳ್ಳಲಾಗದೆ ಬಸ್ಸಿನಲ್ಲಿ ನಿಂತು ಬರುವವರ ಮೇಲೆ.

ಹಂಚಿಕೊಂಡು ಹೋಗುವವರಿಗೆ ನಾವು ಕೊಟ್ಟಿರುವುದಾದರೂ ಏನು? 2023ರಲ್ಲಿ ವೈಟ್ ಬೋರ್ಡ್ (ಖಾಸಗಿ ನೋಂದಣಿಯ) ಕಾರುಗಳಲ್ಲಿ ಆ್ಯಪ್ ಮೂಲಕ ಹಣ ಪಡೆದು ಜನರನ್ನು ಕರೆದೊಯ್ಯುವುದು ನಿಯಮಬಾಹಿರ ಎಂದು ಸಾರಿಗೆ ಇಲಾಖೆ ನಿಲುವು ತಳೆದಾಗ ಕಾರ್‌ಪೂಲಿಂಗೇ ನಿಂತಿತೆಂಬ ಗೊಂದಲ ಹಬ್ಬಿತು. ಟ್ಯಾಕ್ಸಿ ಚಾಲಕರ ಹೊಟ್ಟೆಪಾಡಿನ ಅಳಲು ನ್ಯಾಯವಾದದ್ದೇ. ಆದರೂ ಕೆಜಿಎಫ್‌ನಿಂದ ನಾಲ್ವರು ಪೆಟ್ರೋಲ್ ಖರ್ಚು ಹಂಚಿಕೊಂಡು ಬರುವುದನ್ನೂ ಬಾಡಿಗೆ ವ್ಯವಹಾರವನ್ನೂ ನಿಯಮ ಸ್ಪಷ್ಟವಾಗಿ ಬೇರ್ಪಡಿಸಬೇಕು. ಹೊಸಕೋಟೆಯಿಂದ ಕೆ.ಆರ್. ಪುರದವರೆಗೆ ಮೀಸಲು ಪಥ ಬಂದರೆ ಮೊದಲು ಬಸ್ಸು, ಆಮೇಲೆ ಟೆಂಪೊ ಟ್ರಾವೆಲರ್, ಜಾಗ ಉಳಿದರೆ ಮೂವರಿಗಿಂತ ಕಡಿಮೆಯಿಲ್ಲದ ಯಾವುದೇ ಕಾರು ಹೋಗಲಿ. ಹೈಬ್ರಿಡ್‌ಗೂ ಅದೇ ಷರತ್ತು.