ಹಾಜರಿ ಕರೆಯುವ ಫೈಲುಗಳು

ಎಲ್‌ಎಲ್‌ವಿಎಂ ಕಂಪೈಲರಿನ ಕೋಡು ತೆರೆದು ಕೂತವರು ಸಾಮಾನ್ಯವಾಗಿ ನೇರ ಆಪ್ಟಿಮೈಸರಿನ ಕಡೆ ಹೋಗುತ್ತಾರೆ. ಲೂಪುಗಳನ್ನು ಬಿಡಿಸಿ ಹರಡುವ ಚಮತ್ಕಾರ, ರಿಜಿಸ್ಟರುಗಳನ್ನು ಹಂಚುವ ಲೆಕ್ಕಾಚಾರ, ಹೆಸರು ಮಾಡಿರುವುದೆಲ್ಲ ಅಲ್ಲೇ. ನನ್ನ ರುಚಿ ಬೇರೆ. ಅಲ್ಲಿನ ಬಹುತೇಕ ಪ್ರತಿ ಡೈರೆಕ್ಟರಿಯಲ್ಲೂ ಸಿಮೇಕ್‌ಲಿಸ್ಟ್ಸ್ ಎಂಬ ಪಠ್ಯ ಫೈಲೊಂದು ಇರುತ್ತದೆ. ಅದರ ಒಂದು ಅಕ್ಷರವೂ ಪ್ರೊಸೆಸರಿನ ಮೇಲೆ ಓಡುವುದಿಲ್ಲ. ಯಾವ ಫೈಲುಗಳು ಸೇರಿ ಒಂದು ಲೈಬ್ರರಿ, ಆ ಲೈಬ್ರರಿ ಯಾವುದನ್ನು ನೆಚ್ಚಿಕೊಂಡಿದೆ, ಯಾವುದು ಮೊದಲು ತಯಾರಾಗಬೇಕು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಈ ಫೈಲುಗಳನ್ನು ನಾನು ಬಿಡುವಿನಲ್ಲಿ ಓದುತ್ತೇನೆ. ಓದಿದಷ್ಟೂ ರುಚಿ ಹತ್ತುತ್ತದೆ.

ಈ ಫೈಲುಗಳನ್ನು ಬರೆಯುವ ಸಿಮೇಕ್ ಭಾಷೆ ಚೆಂದವಲ್ಲ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಅದರಲ್ಲಿ ಎಲ್ಲವೂ ಸ್ಟ್ರಿಂಗು. ಪಟ್ಟಿಯೆಂದರೂ ನಡುವೆ ಸೆಮಿಕೋಲನ್ ಇಟ್ಟ ಸ್ಟ್ರಿಂಗೇ. ಒಂದು ಉದ್ಧರಣ ಚಿಹ್ನೆ ಬಿಟ್ಟುಹೋದರೆ ಅರ್ಥವೇ ಬೇರೆಯಾಗುತ್ತದೆ. ಸೊಗಸು ಇರುವುದು ಆ ಒರಟು ಭಾಷೆಯನ್ನು ಸಾವಿರಾರು ಕೈಗಳು ಸೇರಿ ಓದುವ ಹಾಗೆ ಇಟ್ಟುಕೊಂಡು ಬಂದಿರುವುದರಲ್ಲಿ.

ರಿಸ್ಕ್-ಫೈವ್ ಪ್ರೊಸೆಸರಿಗೆ ಮೀಸಲಾದ ಡೈರೆಕ್ಟರಿಯ ಫೈಲನ್ನೇ ನೋಡಿ. ಆರಂಭದಲ್ಲೇ ಒಂದು ಸಾಲು, ಈ ಪ್ರೊಸೆಸರಿನ ವಿವರಣೆ ಯಾವ ಫೈಲಿನಲ್ಲಿದೆ ಎಂದು ಹೇಳುತ್ತದೆ. ಅದರ ಬೆನ್ನಿಗೆ, ಆ ವಿವರಣೆಯಿಂದ ಕೋಡು ಹುಟ್ಟಿಸುವ ಟೇಬಲ್‌ಜೆನ್ ಸಾಲುಗಳು, ಹತ್ತಕ್ಕೂ ಮಿಕ್ಕಿ, ಒಂದರ ಕೆಳಗೊಂದು. ಪ್ರತಿ ಇನ್‌ಸ್ಟ್ರಕ್ಷನ್ನಿನ ಹೆಸರು, ಬಿಟ್ಟುಗಳು, ಆಪರೆಂಡುಗಳನ್ನು ಮನುಷ್ಯರು ಒಮ್ಮೆ ಬರೆದಿಟ್ಟಿರುತ್ತಾರೆ. ಆ ಒಂದೇ ಬರಹದಿಂದ ಅಸೆಂಬ್ಲಿಯನ್ನು ಓದುವ ಕೋಡು ಒಂದು ಸಾಲಿಗೆ ಹುಟ್ಟುತ್ತದೆ, ಬರೆಯುವ ಕೋಡು ಇನ್ನೊಂದಕ್ಕೆ, ಬೈನರಿಯನ್ನು ಬಿಡಿಸಿ ಹೇಳುವ ಕೋಷ್ಟಕಗಳು ಮತ್ತೊಂದಕ್ಕೆ, ಇನ್‌ಸ್ಟ್ರಕ್ಷನ್ ಆರಿಸುವ ಯಂತ್ರ ಮಗದೊಂದಕ್ಕೆ. ಈ ಸಾಲುಗಳನ್ನು ಮೇಲಿಂದ ಕೆಳಗೆ ಓದಿದರೆ ಕಂಪೈಲರಿನ ಹಿಂಬದಿಯಲ್ಲಿ ಏನೇನು ಕೆಲಸ ನಡೆಯುತ್ತದೆ ಎಂಬ ಪರಿವಿಡಿಯೇ ಸಿಗುತ್ತದೆ. ಪಠ್ಯಪುಸ್ತಕ ಅಧ್ಯಾಯಗಟ್ಟಲೆ ಹೇಳುವುದನ್ನು ಇದು ಒಂದು ಪರದೆಯಲ್ಲಿ ಮುಗಿಸುತ್ತದೆ. ಕೊನೆಯಲ್ಲಿ ಉಪ ಡೈರೆಕ್ಟರಿಗಳ ಹೆಸರು. ಎಆರ್ಚ್64ರಲ್ಲಿ, ಆರ್ಮ್‌ನಲ್ಲಿ, ಎಕ್ಸ್86ರಲ್ಲಿ ನೋಡಿದರೂ ಹೆಚ್ಚುಕಡಿಮೆ ಇದೇ ಧಾಟಿ. ಒಂದನ್ನು ಓದಲು ಬಂದವರಿಗೆ ಉಳಿದವು ಅಪರಿಚಿತವಲ್ಲ.

ಇಲ್ಲೊಂದು ತಮಾಷೆಯೂ ಇದೆ. ಟೇಬಲ್‌ಜೆನ್ ಕೂಡ ಇದೇ ಕೋಡಿನಿಂದ ಕಟ್ಟಬೇಕಾದ ಪ್ರೋಗ್ರಾಮು. ಹಾಗಾಗಿ ಮೊದಲು ಅದನ್ನು ಕಟ್ಟಿ, ಓಡಿಸಿ, ಅದು ಕೊಟ್ಟ ಕೋಡನ್ನು ಸೇರಿಸಿಕೊಂಡು ಉಳಿದದ್ದನ್ನು ಕಟ್ಟಬೇಕು. ಬೇರೊಂದು ಪ್ರೊಸೆಸರಿಗಾಗಿ ಕಂಪೈಲರ್ ಕಟ್ಟುವಾಗ ಇದು ಇನ್ನೂ ಜಟಿಲ. ಆ ಪ್ರೊಸೆಸರಿನ ಟೇಬಲ್‌ಜೆನ್ ಇಲ್ಲಿ ಓಡುವುದಿಲ್ಲ. ಅದಕ್ಕೆಂದೇ ಬಿಲ್ಡ್ ಡೈರೆಕ್ಟರಿಯೊಳಗೆ ‘ನೇಟಿವ್’ ಎಂಬ ಇನ್ನೊಂದು ಪುಟ್ಟ ಬಿಲ್ಡು ತಾನಾಗಿ ಎದ್ದು ನಿಲ್ಲುತ್ತದೆ.

ಇನ್ನು ಹೆಸರುಗಳ ಪಟ್ಟಿ. ಡೈರೆಕ್ಟರಿಯಲ್ಲಿರುವ ಸಿ++ ಫೈಲುಗಳನ್ನೆಲ್ಲ ತಗೋ ಎಂದು ಒಂದು ನಕ್ಷತ್ರ ಚಿಹ್ನೆ ಹಾಕಿ ಕೈತೊಳೆದುಕೊಳ್ಳಲು ಸಿಮೇಕ್ ಬಿಡುತ್ತದೆ. ಆದರೆ ಹಾಗೆ ಮಾಡಿದರೆ ನಾಳೆ ಯಾರಾದರೂ ಹೊಸ ಫೈಲು ಇಟ್ಟಾಗ ಸಿಮೇಕ್‌ಲಿಸ್ಟ್ಸ್ ಬದಲಾಗಿರುವುದಿಲ್ಲ, ಹಾಗಾಗಿ ಬಿಲ್ಡಿಗೆ ಅದರ ಸುಳಿವೂ ಸಿಗುವುದಿಲ್ಲ. ಎಲ್‌ಎಲ್‌ವಿಎಂನಲ್ಲಿ ಪ್ರತಿ ಫೈಲಿನ ಹೆಸರನ್ನೂ ಕೈಯಾರೆ, ಸಾಮಾನ್ಯವಾಗಿ ಅಕಾರಾದಿಯಾಗಿ, ಸಾಲಿಗೊಂದರಂತೆ ಬರೆಯುತ್ತಾರೆ. ನಕ್ಷತ್ರ ಚಿಹ್ನೆಯನ್ನು ಪೂರ್ತಿ ಬಿಟ್ಟಿಲ್ಲ, ಕಾವಲಿಗೆ ನಿಲ್ಲಿಸಿಕೊಂಡಿದ್ದಾರೆ. ಎಲ್ಲರಿಗೂ ನೆರವಾಗುವ ಫಂಕ್ಷನ್ನುಗಳಿರುವ ಎಲ್‌ಎಲ್‌ವಿಎಂಪ್ರೊಸೆಸ್‌ಸೋರ್ಸಸ್ ಎಂಬ ಫೈಲಿನಲ್ಲಿ ಒಂದು ಪುಟ್ಟ ತಪಾಸಣೆ ಇದೆ. ಡೈರೆಕ್ಟರಿಯಲ್ಲಿ ನಿಜಕ್ಕೂ ಇರುವ ಫೈಲುಗಳನ್ನು ಎಣಿಸಿ, ಪಟ್ಟಿಯ ಜೊತೆ ಹೋಲಿಸಿ, ಹೆಸರಿಲ್ಲದ ಒಂದು ಸಿಕ್ಕರೂ ಬಿಲ್ಡು ನಿಲ್ಲಿಸಿ, ಯಾವ ಫೈಲು ಎಂದು ಹೇಳಿ, ಯಾವ ಸಿಮೇಕ್‌ಲಿಸ್ಟ್ಸ್ ತಿದ್ದಬೇಕು ಎಂದೂ ಸೂಚಿಸುತ್ತದೆ. ಮೇಷ್ಟ್ರು ಹಾಜರಿ ಪುಸ್ತಕ ಹಿಡಿದು, ತರಗತಿಯಲ್ಲಿ ಕೂತ ತಲೆಗಳನ್ನೂ ಎಣಿಸಿದ ಹಾಗೆ. ಡಾಟ್‌ನಿಂದ ಶುರುವಾಗುವ ಹೆಸರುಗಳಿಗೆ ಮಾತ್ರ ವಿನಾಯಿತಿ: ಕೆಲವು ಎಡಿಟರುಗಳು ಅದೇ ಜಾಗದಲ್ಲಿ ಬ್ಯಾಕಪ್ ಇಡುತ್ತವೆ ಎಂದು ಅಲ್ಲೇ ಕಾಮೆಂಟಿನಲ್ಲಿ ಬರೆದಿದ್ದಾರೆ. ಅರ್ಧ ಬರೆದ ಫೈಲು ಉಳಿಸಿ ಊಟಕ್ಕೆ ಎದ್ದುಹೋದವನ ಬಿಲ್ಡು ಕೆಡದಿರಲೆಂದು ಯಾರೋ ಯೋಚಿಸಿದ್ದಾರಲ್ಲ!

ಪಟ್ಟಿಯ ಕೆಳಗೆ ಅವಲಂಬನೆಗಳು ಬರುತ್ತವೆ. ನಿಜವಾದ ಸೂಕ್ಷ್ಮ ಇಲ್ಲಿದೆ. ಒಂದು ಲೈಬ್ರರಿ ಇನ್ನೊಂದರ ಫಂಕ್ಷನ್ ಕರೆಯುತ್ತದೆ, ಆದರೆ ಅದರ ಹೆಸರನ್ನು ಪಟ್ಟಿಯಲ್ಲಿ ಬರೆದಿಲ್ಲ ಎನ್ನಿ. ಸ್ಟ್ಯಾಟಿಕ್ ಲೈಬ್ರರಿಗಳಾಗಿ ಕಟ್ಟಿದರೆ ಬಹಳ ಸಲ ಏನೂ ಆಗುವುದಿಲ್ಲ. ಮೂರನೆಯವರಾರೋ ಅದನ್ನು ಹೇಗೂ ತಂದಿರುತ್ತಾರೆ, ಕೊನೆಯ ಲಿಂಕಿನಲ್ಲಿ ಎಲ್ಲ ಕೂಡಿಬರುತ್ತದೆ. ಅದನ್ನೇ ಶೇರ್ಡ್ ಲೈಬ್ರರಿಗಳಾಗಿ ಕಟ್ಟುವ ಆಯ್ಕೆ ಕೊಟ್ಟರೆ ಪ್ರತಿಯೊಂದೂ ತನ್ನ ಸಾಲ ತಾನೇ ಒಪ್ಪಿಕೊಳ್ಳಬೇಕು. ಲಿಂಕರ್ ಅಲ್ಲೇ ತಡೆಯುತ್ತದೆ. ಗಿಟ್ ಲಾಗ್‌ನಲ್ಲಿ ‘ಶೇರ್ಡ್ ಲೈಬ್ರರಿ ಬಿಲ್ಡ್ ಸರಿಪಡಿಸಿದೆ’ ಎಂಬ ಧಾಟಿಯ ಒಂದೇ ಸಾಲಿನ ಕಮಿಟ್ಟುಗಳು ಮತ್ತೆ ಮತ್ತೆ ಎದುರಾಗುವುದು ಇದಕ್ಕೇ. ಸೇರಿಸಿದ್ದು ಒಂದೇ ಪದ, ಯಾವುದೋ ಒಂದು ಲೈಬ್ರರಿಯ ಹೆಸರು. ಬರೆದವರಿಗೆ ಇದರಿಂದ ಯಾವ ಕೀರ್ತಿಯೂ ಇಲ್ಲ. ನನ್ನ ಕಣ್ಣಿಗೆ ಇಡೀ ಲಾಗಿನಲ್ಲಿ ಅತ್ಯಂತ ಸಭ್ಯವಾದ ಕಮಿಟ್ಟುಗಳು ಇವೇ.

ಅಳಿಸುವುದಕ್ಕೂ ಇಲ್ಲಿ ಮರ್ಯಾದೆಯಿದೆ. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಈ ಯೋಜನೆ ವರ್ಷಗಟ್ಟಲೆ ಆಟೋಕಾನ್ಫ್ ಮತ್ತು ಸಿಮೇಕ್ ಎಂಬ ಎರಡು ಬಿಲ್ಡ್ ವ್ಯವಸ್ಥೆಗಳನ್ನೂ ಹೊತ್ತು ನಡೆಯಿತು. 2016ರಲ್ಲಿ ಆಟೋಕಾನ್ಫ್ ಹೋಯಿತು. ಆಮೇಲೂ ಪ್ರತಿ ಲೈಬ್ರರಿಯ ಪಕ್ಕದಲ್ಲಿ ಅವಲಂಬನೆಗಳನ್ನೇ ಮತ್ತೊಮ್ಮೆ ಬರೆದಿಟ್ಟ ಎಲ್‌ಎಲ್‌ವಿಎಂಬಿಲ್ಡ್ ಎಂಬ ಚಿಕ್ಕ ಫೈಲು ಉಳಿದಿತ್ತು. 2020ರ ಕೊನೆಯ ಹೊತ್ತಿಗೆ ಆ ಮಾಹಿತಿಯನ್ನು ಸಿಮೇಕ್‌ಲಿಸ್ಟ್ಸ್ ಒಳಗೇ ಎಳೆದುಕೊಂಡು ಅವನ್ನೂ ಒಟ್ಟಿಗೆ ತೆಗೆದುಹಾಕಿದರು. ಒಂದೇ ಸತ್ಯವನ್ನು ಎರಡು ಕಡೆ ಬರೆದಿಟ್ಟರೆ ಒಂದು ದಿನ ಎರಡೂ ಬೇರೆ ಬೇರೆ ಹೇಳತೊಡಗುತ್ತವೆ.

ಹೀಗಿದ್ದೂ ಇದೇ ಕೋಡಿನಲ್ಲಿ ಸಿಮೇಕ್ ಪಕ್ಕ ಇನ್ನೆರಡು ಬಿಲ್ಡುಗಳು, ಜಿಎನ್ ಮತ್ತು ಬೇಜಲ್, ಬದುಕಿವೆ! ಅಧಿಕೃತ ಬಿಲ್ಡು ಸಿಮೇಕ್ ಮಾತ್ರ. ಜಿಎನ್‌ನ ರೀಡ್‌ಮಿ ಅಂತೂ ಇದು ಪ್ರಾಯೋಗಿಕ, ಕೆಟ್ಟರೆ ನೀವೇ ಸರಿಮಾಡಿಕೊಳ್ಳಲು ತಯಾರಿರಿ ಎಂದು ಮುಖಕ್ಕೇ ಹೇಳುತ್ತದೆ. ಅದನ್ನು ಸಿಮೇಕ್ ಜೊತೆ ಹೊಂದಿಸಲು ಒಂದು ಬಾಟ್ ಇದೆ. ಯಾರೋ ಸಿಮೇಕ್‌ಲಿಸ್ಟ್ಸ್‌ಗೆ ಫೈಲು ಸೇರಿಸಿದರೆ, ಅದು ಜಿಎನ್ ಪಟ್ಟಿಯಲ್ಲೂ ಅದೇ ಹೆಸರು ಬರೆದು, ಮೂಲ ಕಮಿಟ್ಟಿನ ಸಂಖ್ಯೆ ನಮೂದಿಸಿ ಒಪ್ಪಿಸುತ್ತದೆ. ಹೆಸರಿನ ಸೇರ್ಪಡೆ, ಕಳೆಯುವಿಕೆ ಬಾಟ್‌ನ ಪಾಲು. ಅದಕ್ಕೂ ಮೀರಿದ ಬದಲಾವಣೆಯಾದರೆ ಮನುಷ್ಯರೇ ಕೂತು ಮಾಡಬೇಕು.

ಇನ್ನೊಂದು ಕಂಪೈಲರಾದ ಜಿಸಿಸಿಯ ರೀತಿ ಬೇರೆ. ಅಲ್ಲಿ ಮೇಲ್ಮಟ್ಟದ ಮೇಕ್‌ಫೈಲನ್ನು ಯಾರೂ ನೇರವಾಗಿ ತಿದ್ದುವುದಿಲ್ಲ. ಒಂದು ವಿವರಣೆ ಮತ್ತು ಒಂದು ಅಚ್ಚಿನಿಂದ ಅದನ್ನು ತೆಗೆಯುತ್ತಾರೆ. ಕಾನ್ಫಿಗರ್ ಸ್ಕ್ರಿಪ್ಟನ್ನು ಹೊಸದಾಗಿ ತೆಗೆಯಲು 2012ರಲ್ಲಿ ಬಂದ ಆಟೋಕಾನ್ಫ್ 2.69 ಅನ್ನೇ ಬಳಸಬೇಕು, ಬೇರೆಯದು ನಡೆಯದು ಎಂಬ ಮಡಿ. ಆದರೆ ಅದೇ ಮೇಕ್‌ಫೈಲು ನಡೆಸುವ ಮೂರು ಹಂತದ ಬಿಲ್ಡಿಗೆ ಸಾಟಿಯಿಲ್ಲ. ಇದ್ದ ಕಂಪೈಲರಿನಿಂದ ಜಿಸಿಸಿಯನ್ನು ಕಟ್ಟಿ, ಆ ಜಿಸಿಸಿಯಿಂದ ಮತ್ತೆ ಜಿಸಿಸಿ, ಅದರಿಂದ ಇನ್ನೊಮ್ಮೆ. ಎರಡನೆಯ ಮತ್ತು ಮೂರನೆಯ ಹಂತದ ಆಬ್ಜೆಕ್ಟ್ ಫೈಲುಗಳು ಒಂದೇ ಆಗಿರಬೇಕು, ಇಲ್ಲದಿದ್ದರೆ ಬಿಲ್ಡು ಸೋತಂತೆ.

ಮತ್ತೆ ಎಲ್‌ಎಲ್‌ವಿಎಂಗೆ ಬಂದರೆ, ಅದರ ಮೇಲ್ಮಟ್ಟದ ಸಿಮೇಕ್‌ಲಿಸ್ಟ್ಸ್‌ನಲ್ಲಿ ಪ್ರೊಸೆಸರುಗಳ ಎರಡು ಪಟ್ಟಿಗಳಿವೆ: ತಾನಾಗಿ ಕಟ್ಟುವವು ಮತ್ತು ಪ್ರಾಯೋಗಿಕವಾದವು. ರಿಸ್ಕ್-ಫೈವ್ 2019ರಲ್ಲಿ ಎರಡನೆಯದರಿಂದ ಮೊದಲನೆಯದಕ್ಕೆ ಬಂತು. ಮೊದಲ ಮ್ಯಾಕಿಂಟಾಷ್‌ನಲ್ಲಿದ್ದ ಮೊಟೊರೊಲಾ 68000ರ ಕುಟುಂಬ 2021ರಲ್ಲಿ ಪ್ರಾಯೋಗಿಕ ಪಟ್ಟಿಗೆ ಸೇರಿತು. ಒಂದು ಕಾಲದ ದೊಡ್ಡ ಹೆಸರಾದ ಆಲ್ಫಾ ಪ್ರೊಸೆಸರನ್ನು ನೋಡಿಕೊಳ್ಳುವವರಿಲ್ಲದೆ 2011ರಲ್ಲೇ ಕೈಬಿಟ್ಟಿದ್ದರು. ಪ್ರೊಸೆಸರುಗಳ ಏಳುಬೀಳಿನ ಇಷ್ಟು ಚರಿತ್ರೆ ಕೆಲವೇ ಸಾಲುಗಳಲ್ಲಿದೆ.

ಕಂಪೈಲರ್ ಕಲಿಯಲು ಹೊರಟವರಿಗೆ ನನ್ನ ಮಾತು ಇಷ್ಟೇ: ಆಪ್ಟಿಮೈಸರನ್ನು ಆಮೇಲೆ ನೋಡಿದರಾಯಿತು. ಕೋಡು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ. ಯಾವುದಾದರೂ ಎರಡು ಪ್ರೊಸೆಸರುಗಳ ಸಿಮೇಕ್‌ಲಿಸ್ಟ್ಸ್ ಅನ್ನು ಪಕ್ಕಪಕ್ಕ ಇಟ್ಟುಕೊಂಡು, ಗಿಟ್ ಲಾಗ್ ಸಮೇತ ಓದಿ.