ಯಶೋಧರಚರಿತೆಯ ಅಷ್ಟಾವಂಕ

ಜನ್ನನ ಯಶೋಧರಚರಿತೆಯು (ಕ್ರಿ. ಶ. 1209) ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ಜೈನತತ್ತ್ವವನ್ನು ಸಾರುವ ಕಾವ್ಯವೆಂಬುದು ಸರ್ವವಿದಿತವಾಗಿದೆ. ಆದರೂ ಓದಿದವರ ಮನಸ್ಸಿನಲ್ಲಿ ಹಿಟ್ಟಿನ ಕೋಳಿಯ ಬಲಿಗಿಂತ ಆಳವಾಗಿ ನಿಲ್ಲುವುದು ಉಜ್ಜಯಿನಿಯ ರಾಣಿ ಅಮೃತಮತಿಯು ವಿಕಲಾಂಗನಾದ ಮಾವುತನಲ್ಲಿ ಅನುರಕ್ತಳಾದ ಪ್ರಸಂಗವೇ. ಇದನ್ನು ಪಾಠಹೇಳುವಾಗ ಅಷ್ಟಾವಂಕನ ಮೈಯ ಡೊಂಕನ್ನು ಅವನ ನಡತೆಯ ಡೊಂಕಿಗೆ ಕುರುಹೆಂದೂ, ಅಂಥವನನ್ನು ಮೆಚ್ಚಿದುದನ್ನೇ ರಾಣಿಯ ಅಧಃಪತನಕ್ಕೆ ಪ್ರಮಾಣವೆಂದೂ ಎಣಿಸುವ ವಾಡಿಕೆಯುಂಟು. ಕಾವ್ಯವು ಇದಕ್ಕೆ ಎಷ್ಟರಮಟ್ಟಿಗೆ ಎಡೆಗೊಡುತ್ತದೆಂಬುದು ವಿಚಾರಾರ್ಹವಾಗಿದೆ.

ವಿಕಲಾಂಗರ ಪ್ರಣಯವನ್ನು ಪೂರ್ವಕಥೆಗಳು ಸಾಮಾನ್ಯವಾಗಿ ಒಂದು ಕಟ್ಟಳೆಗೆ ಒಳಪಡಿಸುತ್ತವೆ. ಭಾಗವತದಲ್ಲಿ ಗಂಧವನ್ನಿತ್ತ ಕುಬ್ಜೆಯ ಮೈಯನ್ನು ಕೃಷ್ಣನು ಮೊದಲು ನೆಟ್ಟಗೆ ಮಾಡುತ್ತಾನೆ. ಅವಳು ಅವನ ಉತ್ತರೀಯವನ್ನು ಹಿಡಿದೆಳೆಯುವುದು ಅನಂತರ. ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನು ಸಮಂಗಾನದಿಯಲ್ಲಿ ಮಿಂದು ಸಮಾಂಗನಾಗುತ್ತಾನೆ. ಅವನು ಸುಪ್ರಭೆಯನ್ನು ವರಿಸುವ ಕಥೆ ಬರುವುದು ಅನುಶಾಸನಪರ್ವದಲ್ಲಿ. ಮೈ ನೆಟ್ಟಗಾದ ಹೊರತು ಒಲವಿಗೆ ಅಧಿಕಾರವಿಲ್ಲವೆಂಬಂತಿದೆ. ಜನ್ನನ ಅಷ್ಟಾವಂಕನನ್ನಾದರೋ ಯಾವ ದೇವನೂ ಯಾವ ನದಿಯೂ ತಿದ್ದುವುದಿಲ್ಲ. ಅವನು ಇದ್ದಂತೆಯೇ ಒಲವನ್ನು ಪಡೆದವನು.

ಆ ಒಲವು ಹುಟ್ಟುವ ಬಗೆಯೂ ಗಮನಾರ್ಹವಾದುದು. ಇರುಳಿನಲ್ಲಿ ಎಚ್ಚತ್ತ ರಾಣಿಗೆ ಕೇಳಿಸುವುದು ಕೇವಲ ಹಾಡು. ಕಣ್ಣಿಗೆ ಇನ್ನೂ ಕೆಲಸವೇ ಇಲ್ಲ. ಮನಸ್ಸು ಆಗಲೇ ಸೋತಿದೆ. ಹಾಡಿದವನನ್ನು ನೋಡಿಬರಲು ಹೋದ ಸಖಿಯು ಹೇಸಿ ಹಿಂದಿರುಗಿ ಅವನ ಅವಯವಗಳನ್ನು ಒಂದೊಂದಾಗಿ ಹಳಿಯುತ್ತಾಳೆ. ನಾಯಿಕೆಯರ ಅಂಗಾಂಗಗಳನ್ನು ಕ್ರಮವಾಗಿ ಬಣ್ಣಿಸುವ ಕವಿಸಂಪ್ರದಾಯವೇ ಇಲ್ಲಿ ತಲೆಕೆಳಗಾಗಿದೆ. ಇದರಲ್ಲಿ ಹಾಸ್ಯವಿದೆ, ನಿಜ. ಆದರೆ ಹಾಡನ್ನು ಕುರಿತು ಸಖಿಯ ವರದಿಯಲ್ಲಿ ಉತ್ತರವಿಲ್ಲ. ಒಲವು ನೆಲೆಗೊಂಡ ಮೇಲೆ ರೂಪದ ತೊಡಕೇಕೆಂದು ರಾಣಿ ಅವಳನ್ನು ತಡೆಯುತ್ತಾಳೆ. ಈ ಮಾತನ್ನು ಕಾಮಾಂಧಳ ಕುತರ್ಕವೆಂದು ತಳ್ಳಿಬಿಡುವುದು ಸುಲಭ. ಆದರೆ ಕವಿಯು ಅದಕ್ಕೆ ಕೊಟ್ಟಿರುವ ಬಿಗಿಯೂ ಸೊಗಸೂ ಅದನ್ನು ಹಾಗೆ ಸುಲಭವಾಗಿ ತಳ್ಳಗೊಡುವುದಿಲ್ಲ.

ಅಷ್ಟಾವಂಕನು ಸಜ್ಜನನೆಂದು ಸಾಧಿಸಬೇಕಾದುದಿಲ್ಲ. ತಡವಾಗಿ ಬಂದ ರಾಣಿಯನ್ನು ಅವನು ಮುಂದಲೆ ಹಿಡಿದು ಬಡಿಯುತ್ತಾನೆ. ಇದು ಕ್ರೌರ್ಯವೇ ಸರಿ. ಆದರೆ ಇದು ಗೂನುಬೆನ್ನಿನ ಕ್ರೌರ್ಯವಲ್ಲ. ನೆಟ್ಟನೆಯ ಮೈಯ ಮಾರಿದತ್ತನು ದೇವಿಗೆ ನರಬಲಿಯನ್ನೇ ಕೊಡಲು ಸಿದ್ಧನಾದವನೆಂಬುದನ್ನು ಮರೆಯಲಾಗದು. ರಾಣಿಯ ಮಹಾಪಾಪವಾದರೂ ಗಂಡನಿಗೂ ಅತ್ತೆಗೂ ವಿಷವನ್ನಿಕ್ಕಿದುದು. ಅದನ್ನು ಮಾವುತನ ಮೈಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಇದಕ್ಕಿಂತ ಮುಖ್ಯವಾದ ಅಂಶವೊಂದು ಸಾಮಾನ್ಯವಾಗಿ ಲಕ್ಷ್ಯಕ್ಕೆ ಬರುವುದಿಲ್ಲ. ಈ ಕಥೆಯನ್ನೆಲ್ಲ ಮಾರಿದತ್ತನಿಗೆ ಹೇಳುವವನು ಅಭಯರುಚಿ; ಅವನೇ ಹಿಂದಣ ಜನ್ಮದ ಯಶೋಧರ. ಎಂದರೆ ಅಷ್ಟಾವಂಕನ ಕುರೂಪವು ಓದುಗರಿಗೆ ತಲಪುವುದು ವಂಚಿತನಾದ ಪತಿಯ ಬಾಯಿಂದ. ಸಖಿಗೂ ರಾಣಿಗೂ ನಡೆದ ಏಕಾಂತಸಂಭಾಷಣೆ ಅವನಿಗೆ ಹೇಗೆ ತಿಳಿಯಿತೆಂದು ಕಾವ್ಯವು ಹೇಳಹೋಗುವುದಿಲ್ಲ. ಕಥನಸಂಪ್ರದಾಯದಲ್ಲಿ ಅದು ದೋಷವೂ ಅಲ್ಲ. ಆದರೆ ಆ ಬಾಯಿಂದಲೇ ರಾಣಿಯ ಒಲವಿನ ಸಮರ್ಥನೆಯೂ ಕುಂದಿಲ್ಲದೆ ಹೊರಡುತ್ತದಲ್ಲ, ಅಲ್ಲಿದೆ ಜನ್ನನ ಹೆಚ್ಚುಗಾರಿಕೆ. ವೈರಾಗ್ಯ ತಳೆದವನ ನಿಷ್ಪಕ್ಷಪಾತವೇ ಇದಕ್ಕೆ ಕಾರಣವಾಗಿರಬಹುದು. ಕವಿಯ ರಸಪ್ರಜ್ಞೆಯು ಧರ್ಮೋಪದೇಶವನ್ನು ಮೀರಿ ನಡೆದುದೂ ಆಗಿರಬಹುದು.

ಇಷ್ಟಾದರೂ ಒಂದು ಕೊರತೆ ಉಳಿದೇ ಇದೆ. ಪ್ರೀತಿಸಿದವಳಿಗೆ ಮಾತುಂಟು, ಹೇಸಿದವಳಿಗೆ ಮಾತುಂಟು, ಕತ್ತಿಯನ್ನೆತ್ತಿ ತಡೆದುಕೊಂಡವನಿಗೂ ಮಾತುಂಟು. ಪ್ರೀತಿಗೆ ಪಾತ್ರನಾದವನ ಮನಸ್ಸು ಮಾತ್ರ ಮುಚ್ಚಿಯೇ ಇದೆ. ರಾಣಿಯ ಒಲವನ್ನು ಅವನು ಅಚ್ಚರಿಯಿಂದ ಕಂಡನೋ, ಸಂಶಯದಿಂದ ಕಂಡನೋ, ಎಂದಾದರೂ ತಪ್ಪಿಹೋದೀತೆಂಬ ಅಂಜಿಕೆಯೇ ಆ ಹೊಡೆತವಾಯಿತೋ ತಿಳಿಯುವಂತಿಲ್ಲ. ಗಿರೀಶ ಕಾರ್ನಾಡರು ಇದೇ ವಸ್ತುವನ್ನು ‘ಹಿಟ್ಟಿನ ಹುಂಜ’ (1980) ಎಂಬ ನಾಟಕವಾಗಿಸಿದಾಗ ಮಾವುತನನ್ನು ರಂಗದ ಮೇಲೆ ತಂದು ಮಾತನಾಡಿಸಿದರು.